ನಮ್ಮ ದಾರಿ ನಿಮ್ಮ ಕೆಂಪು ಗಂಟಿನೊಳಗಿದೆ

ದಾಖಲೆ ಕೊಠಡಿಯ ಮೇಲುಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಾನು ನಿಮ್ಮ ಕಚೇರಿಗೆ ಅರ್ಜಿ ಹಾಕಿ ಕೇಳಿದ್ದು ನಮ್ಮ ತೋಟದ ದಾರಿಯ ಕಾಗದ. ನಿಮ್ಮ ಕಚೇರಿ ನನಗೆ ಕೊಟ್ಟಿದ್ದು ಒಂದು ಬಟ್ಟೆ ಗಂಟಿನ ಫೋಟೋ. ಅದೂ ದೃಢೀಕರಿಸಿ, ಸಹಿ ಮಾಡಿ. ನನ್ನ ದೂರು ಇಷ್ಟೇ. ಕೆಲಸದ ಒತ್ತಡ ಇರುವವರು ಇಲ್ಲಿಗೇ ಓದು ನಿಲ್ಲಿಸಿ ಪತ್ರವನ್ನು ಪಕ್ಕಕ್ಕಿಡಬಹುದು. ಆದರೆ ಪಕ್ಕಕ್ಕಿಟ್ಟ ಪತ್ರಗಳು ನಿಮ್ಮಲ್ಲಿ ಎಲ್ಲಿಗೆ ಹೋಗುತ್ತವೆ ಅಂತ ಈಗ ನನಗೆ ಚೆನ್ನಾಗಿ ಗೊತ್ತಾಗಿರುವುದರಿಂದ ಇದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ಪತ್ರಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುವ ಪದ್ಧತಿ ಇನ್ನೂ ಬಂದಿಲ್ಲ.

ನಿಮ್ಮ ಹೆಸರಾಗಲಿ, ಕಚೇರಿಯ ಹೆಸರಾಗಲಿ ಬರೆಯುವುದಿಲ್ಲ. "ಹೆಸರು ಹಾಕ್ಬೇಡ ಕಣೇ, ಇರೋ ಗಂಟಿನ್ ಮೇಲೆ ಇನ್ನೊಂದ್ ಗಂಟು ಹಾಕ್ಬಿಡ್ತಾರೆ" ಅಂತ ನನ್ನ ಗಂಡ ಬೈರೇಶ್ ಕೈಮುಗಿದು ಕೇಳಿಕೊಂಡಿದ್ದಾರೆ. ಮದುವೆಯಾದಾಗಿನಿಂದ ಅವರು ನನ್ನಲ್ಲಿ ಏನನ್ನೂ ಕೈಮುಗಿದು ಕೇಳಿದವರಲ್ಲ. ಅದಕ್ಕೇ ಒಪ್ಪಿಕೊಂಡೆ.

ನಾನು ಅರ್ಪಿತ. ತೂಬಗೆರೆ ಹೋಬಳಿಯ ಒಂದು ಹಳ್ಳಿಯ ಸೊಸೆ. ಕೆಲಸ ಪಿಲ್ಲಗುಂಪೆಯ ಒಂದು ರಬ್ಬರ್ ವಾಷರ್ ಕಾರ್ಖಾನೆಯಲ್ಲಿ. ವಾಷರ್ ಮಾಡುವುದು ಯಂತ್ರಗಳು. ವಾಷರಿಗೆ ಸಂಬಂಧಪಟ್ಟ ಕಾಗದಗಳನ್ನು ಕಾಯುವವಳು ನಾನು. ಮನೆಯಲ್ಲಿ ಅತ್ತೆ ಅಶ್ವತ್ಥಮ್ಮ, ಗಂಡ, ಮತ್ತು ನಾವೆಲ್ಲ ಸೇರಿ ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿರುವ ಒಂದು ದ್ರಾಕ್ಷಿ ತೋಟ.

ಆ ತೋಟಕ್ಕೆ ಇರುವುದು ಒಂದೇ ಬಂಡಿದಾರಿ. ಅದು ಪಕ್ಕದ ಜಮೀನಿನ ಅಂಚಿನಲ್ಲಿ ಹಾದು ಬರುತ್ತದೆ. ನಮ್ಮ ಮಾವನವರ ಅಪ್ಪನ ಕಾಲದಲ್ಲಿ ಎರಡೂ ಮನೆಯವರು ಒಪ್ಪಿ, ನಿಮ್ಮ ಕಚೇರಿಯಲ್ಲೇ ಆದೇಶ ಮಾಡಿಸಿ, ಕೈನಕ್ಷೆ ಬರೆಸಿ ಬಿಟ್ಟುಕೊಂಡ ದಾರಿ. ಊರಿನ ನಕಾಶೆಯಲ್ಲಿ ಅದು ಕಾಣುವುದಿಲ್ಲ, ಆ ಕಡತದಲ್ಲಿ ಮಾತ್ರ ಇದೆ. "ಮನೇಲಿ ಒಂದು ನಕಲು ಇಟ್ಕೋಬಾರ್ದಿತ್ತಾ ಅತ್ತೆ?" ಅಂತ ಕೇಳಿದೆ. "ಮನೇಲಿಟ್ರೆ ಇಲಿ ತಿನ್ನುತ್ತೆ, ಕಚೇರೀಲಿದ್ರೆ ಭದ್ರ ಅಂತ ನಿಮ್ಮಾವ ಹೇಳೋರು" ಅಂದರು. ಮಾವನವರ ಮಾತು ಸುಳ್ಳಾಗಲಿಲ್ಲ. ಇಷ್ಟು ಭದ್ರವಾಗಿರುತ್ತದೆ ಅಂತ ಮಾತ್ರ ಪಾಪ ಅವರೂ ಎಣಿಸಿರಲಿಲ್ಲ.

ಕಳೆದ ವರ್ಷ ಆ ಪಕ್ಕದ ಜಮೀನನ್ನು ದೇವನಹಳ್ಳಿ ಕಡೆಯ ಮುನಿರಾಜ್ ಮತ್ತು ಅವರ ಅಣ್ಣಂದಿರು ಕೊಂಡರು. ಕೊಂಡವರು ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದರು. ನಮ್ಮ ದಾರಿ ತಂತಿಯ ಒಳಗೆ ಹೋಯಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ಹೊರಟರು, ಹಿಂದೆ ನಾನು. ಆದರೆ ಮುನಿರಾಜ್ ಜಗಳಕ್ಕೆ ಸಿಗುವ ಮನುಷ್ಯನಲ್ಲ. "ಅಕ್ಕಾ, ನಮ್ಗೆ ಮಾರಿದೋರು ದಾರಿ ಇದೆ ಅಂತ ಬಾಯಿ ಬಿಡ್ಲಿಲ್ಲ. ಕಾಗ್ದ ತೋರ್ಸಿ, ನಾನೇ ನಿಂತು ಕಂಬ ಕೀಳಿಸ್ತೀನಿ. ಕಾಗ್ದ ಇಲ್ದೆ ಕಿತ್ರೆ ನಮ್ಮಣ್ಣಂದಿರು ನನ್ನನ್ನೇ ಕಿತ್ತಾಕ್ತಾರೆ" ಅಂದರು. ಅತ್ತೆ ಸೆರಗು ಬಿಚ್ಚಿ, ಅವರ ಮನೆಯಲ್ಲೇ ಕಾಫಿ ಕುಡಿದು ವಾಪಸ್ ಬಂದರು. ಇಷ್ಟು ಸುಲಭದ ವಿಷಯ ಇದು. ಒಂದು ಕಾಗದ ತೋರಿಸಿದರೆ ಮುಗಿಯಿತು.

ಈಗ ಕಾಯಿಗೆ ಬಣ್ಣ ತಿರುಗಿದೆ, ಮಾನ್ಯರೇ. ಕೊಯ್ಲು ಹತ್ತಿರ ಬಂದಿದೆ. ತೋಟದ ಬಾಯಿಗೆ ಟೆಂಪೊ ಬರದಿದ್ದರೆ ವ್ಯಾಪಾರಿ ಹಣ್ಣು ಮುಟ್ಟುವುದಿಲ್ಲ ಅಂತ ಹೇಳಿ ಹೋಗಿದ್ದಾನೆ. ಕೆರೆ ಏರಿ ಮೇಲಿನ ಕಾಲುದಾರಿಯಲ್ಲಿ ಕ್ರೇಟು ಹೊತ್ತು ತಂದರೆ ರಸ್ತೆ ಸೇರುವಷ್ಟರಲ್ಲಿ ಮೇಲಿನ ಹಣ್ಣು ಕೆಳಗಿನ ಹಣ್ಣನ್ನು ಜಜ್ಜಿ ರಸ ಮಾಡಿರುತ್ತದೆ. ದ್ರಾಕ್ಷಿಗೆ ಕಾಯುವ ಅಭ್ಯಾಸವಿಲ್ಲ. ಅದು ಮಾಗುವುದಕ್ಕೂ ಯಾರ ಸಹಿಯನ್ನೂ ಕೇಳುವುದಿಲ್ಲ, ಕೊಳೆಯುವುದಕ್ಕೂ ಕೇಳುವುದಿಲ್ಲ.

ನಿಮ್ಮ ಗೇಟಿನ ಮೇಲೆ "ಇನ್ನು ಅಲೆದಾಟವಿಲ್ಲ, ಬೆರಳ ತುದಿಯಲ್ಲಿ ದಾಖಲೆ" ಎಂಬ ಬ್ಯಾನರ್ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾನೂ ಅದೇ ಕಸುಬಿನವಳಲ್ಲವೇ! "ಅತ್ತೆ, ಕಡತ ಎಲ್ಲಾ ಕಂಪ್ಯೂಟರ್‌ಗೆ ಹಾಕ್ಬಿಟ್ಟಿದಾರೆ, ಮನೇಲಿ ಕೂತ್ಕೊಂಡೇ ತೆಗೀತೀನಿ ನೋಡಿ" ಅಂತ ಜಂಬ ಕೊಚ್ಚಿಕೊಂಡೆ. ಅರ್ಜಿ ಹಾಕಿದೆ. ಸ್ವಲ್ಪ ದಿನಕ್ಕೇ ಫೋನಿಗೆ ಸಂದೇಶ ಬಂತು, ನಿಮ್ಮ ದಾಖಲೆ ಸಿದ್ಧವಾಗಿದೆ ಅಂತ. ಅತ್ತೆ ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದರು. ನಾನು ತೆರೆದೆ.

ಎರಡು ಪುಟ. ಮೊದಲ ಪುಟದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟಿನ ಮುಂಭಾಗ. ಎರಡನೇ ಪುಟದಲ್ಲಿ ಅದೇ ಗಂಟಿನ ಹಿಂಭಾಗ. ಕೆಳಗೆ "ಮೂಲದೊಂದಿಗೆ ತಾಳೆ ನೋಡಲಾಗಿದೆ, ಸರಿಯಿದೆ" ಎಂಬ ಒಕ್ಕಣೆ, ಡಿಜಿಟಲ್ ಸಹಿ, ಪಕ್ಕದಲ್ಲೊಂದು ಕ್ಯೂಆರ್ ಕೋಡ್. ಅದರ ಮೇಲೆ ಫೋನ್ ಹಿಡಿದೆ. ಅದೂ ಗಂಟಿನ ಹತ್ತಿರವೇ ಕರೆದುಕೊಂಡು ಹೋಗಿ ಬಿಟ್ಟಿತು.

ಈ ತಾಳೆ ನೋಡಿದ ಮಹಾನುಭಾವರು ಯಾರು ಸ್ವಾಮಿ? ಎಡಗೈಯಲ್ಲಿ ಗಂಟು, ಬಲಗೈಯಲ್ಲಿ ಗಂಟಿನ ಫೋಟೋ ಹಿಡಿದುಕೊಂಡು, ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿ, ಹೌದು, ಇದೇ ಅದು, ಅದೇ ಇದು ಅಂತ ತಲೆಯಾಡಿಸಿದರೇ? ಒಳಗೇನಿದೆ ಎಂಬ ಸಣ್ಣ ಕುತೂಹಲವೂ ಅವರಿಗೆ ಬರಲಿಲ್ಲವೇ? ನಮ್ಮ ಮನೆಗೆ ಯಾರಾದರೂ ಕೈಚೀಲ ಹಿಡಿದು ಬಂದರೆ ಅವರು ಕೂರುವ ಮೊದಲೇ ಒಳಗೇನಿದೆ ಅಂತ ಇಣುಕುವ ಜನ ನಾವು. ನಿಮ್ಮವರ ಸಂಯಮ ಋಷಿಗಳಿಗೂ ಬರಲಿಕ್ಕಿಲ್ಲ.

ಇದ್ದುದೇ ಇರಲಿ ಅಂತ ಅದನ್ನೇ ಮುನಿರಾಜ್‌ಗೆ ತೋರಿಸಿದೆವು. ಅವರು ಫೋನನ್ನು ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು.

"ಏನಕ್ಕಾ ಇದು? ಹೊಲಕ್ಕೆ ತಗೊಂಡೋಗೋ ಬುತ್ತಿ ಇದ್ದಂಗಿದೆ?"

"ಬುತ್ತಿ ಆಗಿದ್ರೆ ಬಿಚ್ಚಿದಾಗ ಮುದ್ದೆನಾದ್ರೂ ಸಿಕ್ಕೋದು ಕಣಪ್ಪಾ" ಅಂದರು ಅತ್ತೆ.

ಸರಿ, ಆಕ್ಷೇಪಣೆ ಸಲ್ಲಿಸೋಣ ಅಂತ ನಿಮ್ಮ ತಂತ್ರಾಂಶಕ್ಕೇ ಮತ್ತೆ ಹೋದೆ. ಅಲ್ಲಿ ನನ್ನ ದೂರನ್ನು ನನ್ನ ಮಾತಲ್ಲಿ ಬರೆಯಲು ಜಾಗವಿಲ್ಲ, ಪಟ್ಟಿಯಿಂದ ಆರಿಸಬೇಕು. ಹೆಸರು ತಪ್ಪಾಗಿದೆ. ಪುಟ ತಲೆಕೆಳಗಾಗಿದೆ. ಚಿತ್ರ ಅಸ್ಪಷ್ಟವಾಗಿದೆ. "ಗಂಟು ಬಿಚ್ಚೇ ಇಲ್ಲ" ಎಂಬುದು ಪಟ್ಟಿಯಲ್ಲಿರಲಿಲ್ಲ. ಅಂಥದ್ದೊಂದು ಸಂಭವಿಸಬಹುದು ಅಂತ ತಂತ್ರಾಂಶ ಬರೆದವರಿಗೆ ಕನಸಲ್ಲೂ ಹೊಳೆದಿರಲಾರದು. ಬೇರೆ ದಾರಿ ಇಲ್ಲದೆ "ಅಸ್ಪಷ್ಟ" ಒತ್ತಿದೆ.

ನಿಮ್ಮ ಸಿಬ್ಬಂದಿ ಕರ್ತವ್ಯನಿಷ್ಠರು, ಇಲ್ಲ ಅನ್ನುವುದಿಲ್ಲ. ಅಸ್ಪಷ್ಟ ಅಂದಿದ್ದನ್ನು ಸ್ಪಷ್ಟ ಮಾಡಿ ಕಳಿಸಿದರು. ಅದೇ ಗಂಟು, ಆದರೆ ಈ ಸಲ ನೂಲುನೂಲೂ ಎಣಿಸಬಹುದು! ದೊಡ್ಡಬಳ್ಳಾಪುರದ ಸೀರೆ ಅಂಗಡಿಯವರು ಕೂಡ ಗಿರಾಕಿಗೆ ಇಷ್ಟು ಚೆನ್ನಾಗಿ ನೇಯ್ಗೆ ತೋರಿಸುವುದಿಲ್ಲ. ಜೊತೆಗೆ ಮೊದಲನೇ ಫೋಟೋದಲ್ಲಿ ಇಲ್ಲದ ಒಂದು ಹಲ್ಲಿ, ಗಂಟಿನ ನೆತ್ತಿಯ ಮೇಲೆ ಕೂತು ನೇರ ಕ್ಯಾಮೆರಾ ನೋಡುತ್ತಿತ್ತು. ಕೆಳಗೆ ಅದೇ ಒಕ್ಕಣೆ: ಮೂಲದೊಂದಿಗೆ ತಾಳೆ ನೋಡಲಾಗಿದೆ, ಸರಿಯಿದೆ. ಅಂದರೆ ಹಲ್ಲಿಗೂ ದೃಢೀಕರಣ ಸಿಕ್ಕಿತು. ನಮಗಿಂತ ಅದೇ ಪುಣ್ಯವಂತ ಪ್ರಾಣಿ. ಅತ್ತೆ ಪಂಚಾಂಗ ತೆಗೆಸಿದರು. ಹಲ್ಲಿ ತಲೆ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಅಂತೆಲ್ಲ ಫಲ ಬರೆದಿದೆ. ಸರ್ಕಾರಿ ಕಡತದ ಮೇಲೆ ಕೂತರೆ ಏನು ಫಲ ಅಂತ ಎಲ್ಲೂ ಇಲ್ಲ.

ಕೊನೆಗೆ ರಜೆ ಹಾಕಿ, ಅತ್ತೆಯನ್ನೂ ಕರೆದುಕೊಂಡು, ನಿಮ್ಮ ಕಚೇರಿಗೇ ಬಂದೆ. ನೀವು ಮೀಟಿಂಗಿಗೆ ಹೋಗಿದ್ದಿರಿ. ಸಿಕ್ಕಿದವರು ಒಬ್ಬ ಗುಮಾಸ್ತರು. ಒಳ್ಳೆಯವರು. ಅವರ ಹೆಸರನ್ನೂ ಬರೆಯುವುದಿಲ್ಲ, ಯಾಕೆಂದರೆ ನಿಜ ಹೇಳಿದವರು ಅವರೊಬ್ಬರೇ. ಕಂಪ್ಯೂಟರ್ ನೋಡಿ, "ಸಿಸ್ಟಮ್‌ನಲ್ಲಿ ನಿಮ್ಮ ಅರ್ಜಿ ಇತ್ಯರ್ಥ ಆಗಿದೆ ಅಂತ ತೋರಿಸ್ತಿದೆ ಮೇಡಂ" ಅಂದರು.

"ಸಿಸ್ಟಮ್ ಇತ್ಯರ್ಥ ಆಗಿರ್ಬೋದು ಸಾರ್, ನಮ್ ದಾರಿ ಆಗಿಲ್ಲ. ಆ ಗಂಟು ಎಲ್ಲಿದೆ?"

ಅವರು ನಿಂತ ಜಾಗದಿಂದಲೇ ಕಪಾಟಿನ ಮೇಲಕ್ಕೆ ಬೆರಳು ತೋರಿಸಿದರು. ಇತ್ತು! ಫೋಟೋದಲ್ಲಿದ್ದ ಹಾಗೇ ಇತ್ತು. ತಾಳೆ ನೋಡಿದವರು ಸುಳ್ಳು ಹೇಳಿರಲಿಲ್ಲ. ಅದರ ಪಕ್ಕದಲ್ಲಿ ಹೊಸ ಬಟ್ಟೆಯಲ್ಲಿ ಕಟ್ಟಿದ ಸಣ್ಣ ಗಂಟೊಂದಿತ್ತು. ಅದೇನು ಅಂತ ಕೇಳಿದೆ. "ಅದು ನಿಮ್ಮ ಅರ್ಜಿದು ಮೇಡಂ. ಕಳಿಸಿದ ಫೋಟೋಗಳ ಪ್ರಿಂಟ್ ತೆಗೆದು ಕಡತ ಮಾಡ್ಬೇಕಲ್ಲ, ಮಾಡಿ ಕಟ್ಟಿದೀವಿ" ಅಂದರು.

"ಅದನ್ನೂ ಸ್ಕ್ಯಾನ್ ಮಾಡಿದೀರಾ?"

"ಮಾಡಿದೀವಿ."

"ಬಿಚ್ಚಿ?"

ಅವರು ಮತ್ತೆ ಕಂಪ್ಯೂಟರಿನ ಕಡೆ ತಿರುಗಿಕೊಂಡರು. ಅತ್ತೆಗೆ ನಗು ತಡೆಯಲಾಗಲಿಲ್ಲ, ಅಲ್ಲೇ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡರು. ಗಂಟು, ಗಂಟಿನ ಫೋಟೋ, ಫೋಟೋದ ಗಂಟು, ಆ ಗಂಟಿನ ಫೋಟೋ! ಹೀಗೇ ಬಿಟ್ಟರೆ ನಿಮ್ಮ ಕಂಪ್ಯೂಟರು ತುಂಬುವುದು ಖಂಡಿತ, ಆದರೆ ತುಂಬುವುದು ಬಟ್ಟೆಯಿಂದ.

ಆಮೇಲೆ ಗುಮಾಸ್ತರು ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, ಇದರ ಮರ್ಮ ಹೇಳಿದರು. ದಾಖಲೆ ಕೊಠಡಿಯ ಚಾರ್ಜ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಗಂಟುಗಳನ್ನು ಎಣಿಸಿ ಕೊಡುತ್ತಾರೆ, ಹಾಳೆಗಳನ್ನಲ್ಲ. ಗಂಟು ಸಮೇತ ಬಂದದ್ದು ಗಂಟು ಸಮೇತ ಹೋಗಬೇಕು. ಯಾರಾದರೂ ಬಿಚ್ಚಿದರೆ, ಒಳಗೆ ಹಾಳೆ ಕಡಿಮೆ ಇದ್ದರೆ, ಅದು ಯಾವ ಕಾಲದಲ್ಲಿ ಯಾರು ಕಳೆದದ್ದೇ ಆಗಿರಲಿ, ಬಿಚ್ಚಿದವನ ತಲೆಗೆ ಬರುತ್ತದೆ. ಸ್ಕ್ಯಾನ್ ಮಾಡಲು ಬಂದ ಗುತ್ತಿಗೆಯವರು ಬಿಚ್ಚಿಕೊಡಿ ಅಂತ ಎಲ್ಲರ ಮೇಜಿಗೂ ಹೋದರಂತೆ. ಒಬ್ಬರಿಗೆ ತುರ್ತು ಫೋನ್ ಬಂತು, ಇನ್ನೊಬ್ಬರಿಗೆ ಬೆನ್ನು ಹಿಡಿದುಕೊಂಡಿತು, ಮತ್ತೊಬ್ಬರು ಶಿವಗಂಗೆ ಬೆಟ್ಟ ಹತ್ತುವ ಹರಕೆ ನೆನಪಾಗಿ ಹೊರಟೇಬಿಟ್ಟರು. ಗುತ್ತಿಗೆಯವರಿಗೂ ಕೆಲಸ ಮುಗಿಸಬೇಕಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಂದೊಂದು ಹಿಂದೊಂದು ಫೋಟೋ ಹೊಡೆದುಕೊಂಡು ಹೋದರು.

"ನೀವೇ ಬಿಚ್ಚಿ ಸಾರ್, ನಾವಿಬ್ರು ಸಾಕ್ಷಿ ಇರ್ತೀವಿ" ಅಂದೆ.

"ಅಯ್ಯೋ ಬೇಡಿ ಮೇಡಂ, ನಂಗಿನ್ನೂ ಸರ್ವೀಸ್ ಇದೆ" ಅಂದರು ಅವರು. ಅವರ ಮುಖ ನೋಡಿ ನನಗೆ ಕೋಪವೂ ಬರಲಿಲ್ಲ. ನಿಜವಾಗಿ ಹೆದರಿದ್ದರು.

ಮಾನ್ಯರೇ, ಈಗ ನಮ್ಮ ಕಾರ್ಖಾನೆಯ ವಿಷಯ ಸ್ವಲ್ಪ ಕೇಳಿ. ನಾವೇನೂ ಬುದ್ಧಿವಂತರಾಗಿ ಹುಟ್ಟಿದವರಲ್ಲ. ಕಾಗದ ಕಾಯುವ ತಂತ್ರಾಂಶ ಬರುವ ಮೊದಲು ನಮ್ಮಲ್ಲೂ ಇದೇ ಹಾಡು. ವಾಷರಿನ ಡ್ರಾಯಿಂಗ್ ಬೇಕು ಅಂದರೆ ಎಲ್ಲರೂ ಎದ್ದು ತಂತಮ್ಮ ಕುರ್ಚಿ ಕೆಳಗೆ ನೋಡಿಕೊಳ್ಳುತ್ತಿದ್ದರು. ಗುಣಮಟ್ಟ ವಿಭಾಗದ ರಾಜೇಂದ್ರ ಸಾರ್ ಮುಖ್ಯವಾದ ಕಾಗದವನ್ನೆಲ್ಲ ಟಿಫಿನ್ ಡಬ್ಬಿ ಕೆಳಗೆ ಇಡುವವರು. ಕಳೆಯಬಾರದು ಅಂತ! ಕಳೆಯುತ್ತಿರಲಿಲ್ಲ, ಆದರೆ ಅಳತೆ ಇರುವ ಜಾಗದಲ್ಲೇ ಸಾರು ಬೀಳುತ್ತಿತ್ತು. ಕಂಪ್ಯೂಟರಿನಲ್ಲಿ "ಫೈನಲ್", "ಹೊಸ ಫೈನಲ್", "ಅಮ್ಮನಾಣೆ ಫೈನಲ್" ಅಂತ ಒಂದೇ ಡ್ರಾಯಿಂಗಿಗೆ ಹೆಸರುಗಳು. ಯಾವುದೋ ಒಂದನ್ನು ನಂಬಿ ಒಮ್ಮೆ ವಾಷರಿನ ಬದಲು ಬಳೆಯ ಗಾತ್ರದ್ದು ಮಾಡಿಬಿಟ್ಟೆವು. ಹೆಣ್ಣುಮಕ್ಕಳೆಲ್ಲ ಒಂದೊಂದು ಹಾಕಿಕೊಂಡು ನೋಡಿದೆವು, ಚೆನ್ನಾಗಿಯೇ ಇತ್ತು. ಗಿರಾಕಿ ಮಾತ್ರ ಒಪ್ಪಲಿಲ್ಲ.

ಈಗ ಹಾಗಿಲ್ಲ. ಪ್ರತಿ ಹಾಳೆಯೂ ಒಳಗೆ ಹೋಗುವಾಗ ಎಷ್ಟನೆಯದು, ಯಾವ ವಿಷಯದ್ದು, ಯಾರು ಹಾಕಿದ್ದು ಅಂತ ದಾಖಲಾಗುತ್ತದೆ. ಹೆಸರು ಟೈಪ್ ಮಾಡಿದರೆ ಕಾಗದ ಎದುರಿಗೆ. ತಿದ್ದಿದರೆ ಹಳೆಯದು ಹಳೆಯದಾಗಿಯೇ ಉಳಿದು ಹೊಸದು ಮೇಲೆ ಬರುತ್ತದೆ. ಸಹಿಗೆ ಕಾಗದ ಹಿಡಿದುಕೊಂಡು ಮ್ಯಾನೇಜರ್ ಊಟಕ್ಕೆ ಹೋದಲ್ಲೆಲ್ಲ ಹಿಂಬಾಲಿಸಬೇಕಿಲ್ಲ, ಅವರು ಬಸ್ಸಲ್ಲಿ ಕೂತು ಫೋನಿನಲ್ಲೇ ಒಪ್ಪಿಗೆ ಒತ್ತುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರು ಯಾವಾಗ ತೆರೆದರು, ತೆರೆದಾಗ ಏನಿತ್ತು, ಮುಚ್ಚಿದಾಗ ಏನಿತ್ತು ಎಂಬುದೆಲ್ಲ ಅದರಲ್ಲೇ ಉಳಿಯುತ್ತದೆ. ರಾಜೇಂದ್ರ ಸಾರ್ ಈಗ ಸಾರನ್ನು ಅನ್ನದ ಮೇಲೆ ಮಾತ್ರ ಹಾಕಿಕೊಳ್ಳುತ್ತಾರೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಗುಮಾಸ್ತರ ಹೆದರಿಕೆಗೆ ಮದ್ದು ಇರುವುದೇ ಈ ತಂತ್ರಾಂಶದಲ್ಲಿ. ಇದು ಮೊದಲು ಉಪಕಾರ ಮಾಡುವುದು ನನಗಲ್ಲ, ನಿಮ್ಮ ಸಿಬ್ಬಂದಿಗೆ. ಒಂದು ಸಲ ಗಂಟು ಬಿಚ್ಚಿ, ಇಷ್ಟು ಹಾಳೆ ಇತ್ತು, ಇಂಥದ್ದು ಇರಲಿಲ್ಲ ಅಂತ ಎಲ್ಲರೆದುರು ಸ್ಕ್ಯಾನ್ ಮಾಡಿಬಿಟ್ಟರೆ ಅಲ್ಲಿಗೆ ಮುಗಿಯಿತು. ಆಮೇಲೆ ಕಳೆಯಲು ಏನೂ ಉಳಿಯುವುದಿಲ್ಲ, ಬೈಸಿಕೊಳ್ಳಲು ಯಾರೂ ಬೇಕಾಗುವುದಿಲ್ಲ. ಬೆನ್ನು ಹಿಡಿದುಕೊಳ್ಳುವ ಅವಶ್ಯಕತೆಯೂ ಇಲ್ಲ. ಇಂಥ ಔಷಧಿಯನ್ನು ತಂದು, ಬಾಟಲಿಯ ಮುಚ್ಚಳ ತೆಗೆಯದೆ, ಬಾಟಲಿಯನ್ನೇ ಹೊಟ್ಟೆಗೆ ಸವರಿಕೊಂಡು ಕೂತಿದ್ದೀರಲ್ಲ, ವಾಸಿಯಾಗು ಅಂದರೆ ಹೇಗೆ ಆಗುತ್ತದೆ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಆ ಗಂಟು ಬಿಚ್ಚಿಸಿ. ಹಣ್ಣು ಕೊಳೆಯುವ ಮೊದಲು ಬಿಚ್ಚಿಸಿ. ನಿಮ್ಮವರಲ್ಲಿ ಯಾರ ಕೈಗೂ ಅದು ತಾಗುವುದು ಬೇಡ ಎಂದಾದರೆ ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ಅತ್ತೆ ಬರುತ್ತಾರೆ. ಅವತ್ತು ಕಚೇರಿಯಿಂದ ಹೊರಡುವಾಗಲೇ ಗುಮಾಸ್ತರಿಗೆ ಹೇಳಿದ್ದಾರೆ: "ಬಿಚ್ಚಿದೋರು ಯಾರು ಅಂತ ಕೇಳಿದ್ರೆ ಅಶ್ವತ್ಥಮ್ಮ ಅಂತ ಬರ್ಕೊಳಪ್ಪಾ. ನಂಗೆ ಪ್ರಮೋಷನ್ನೂ ಇಲ್ಲ, ಪೆನ್ಷನ್ನೂ ಇಲ್ಲ, ವರ್ಗಾವಣೆ ಮಾಡ್ತೀನಿ ಅಂದ್ರೂ ಈ ವಯಸ್ಸಲ್ಲಿ ಎಲ್ಲಿಗೆ ಅಂತ ಮಾಡ್ತಾರೆ?" ಒಳಗೆ ಹಾಳೆ ಕಡಿಮೆ ಇದ್ದರೆ ತಪ್ಪೆಲ್ಲ ಅವರದೇ. ಬೇಕಾದರೆ ಮುಚ್ಚಳಿಕೆ ಬರೆದುಕೊಡುತ್ತಾರೆ. ಆ ಮುಚ್ಚಳಿಕೆಯನ್ನು ಮಾತ್ರ ದಯವಿಟ್ಟು ಕಟ್ಟಿಡಬೇಡಿ.

ಬಿಚ್ಚಿದಾಗ ನಮ್ಮ ಕಾಗದ ಅದರಲ್ಲಿ ಇಲ್ಲದೇ ಹೋದರೆ ಎಂಬ ಅಳುಕು ನನಗೂ ಇದೆ, ಸುಳ್ಳು ಯಾಕೆ ಹೇಳಲಿ. ಬೈರೇಶ್ ಈಗ ಊಟವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಬೆಳಗಾದರೆ ಹೋಗಿ ಗೊಂಚಲು ಎತ್ತಿ ನೋಡುತ್ತಾರೆ, ಮತ್ತೆ ಬಂದು ತಂತಿಯ ಹತ್ತಿರ ನಿಲ್ಲುತ್ತಾರೆ. ಆದರೂ ಇಲ್ಲ ಅಂತ ಗೊತ್ತಾದರೆ ಬೇರೆ ಏನಾದರೂ ಮಾಡಬಹುದು. ಇದೆಯೋ ಇಲ್ಲವೋ ಅಂತ ಗೊತ್ತಾಗದೆ ಏನೂ ಮಾಡಲಾಗುವುದಿಲ್ಲ.

ಈ ಪತ್ರವನ್ನು ಬರೆದು ಮುಗಿಸಿ, ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆದರು ಅಂತ ಮುನಿರಾಜ್‌ಗೆ ಬೇಜಾರಾಗಬಾರದಲ್ಲ ಅಂತ, ತಂತಿಯ ಆಚೆ ನಿಂತಿದ್ದ ಅವರಿಗೆ ಪೂರ್ತಿ ಓದಿ ಹೇಳಿದೆ. ಹಲ್ಲಿಯ ಹತ್ತಿರ ನಕ್ಕರು. ಬೈರೇಶ್ ವಿಷಯ ಬಂದಾಗ ನಗಲಿಲ್ಲ. ಆಮೇಲೆ ಪೆನ್ನು ಕೇಳಿದರು. "ನಂದೂ ಒಂದು ಸಹಿ ಇರ್ಲಿ ಅಕ್ಕಾ. ದಾರಿ ಕೊಡೋನು ನಾನು ರೆಡಿ ಇದೀನಿ, ತಗೊಳೋರು ನೀವು ರೆಡಿ ಇದೀರ. ಇನ್ನೇನಂತೆ ಅವ್ರಿಗೆ?" ಅಂದರು. ತಂತಿಯ ಸಂದಿಯಿಂದ ಕಾಗದ ದಾಟಿಸಿದೆ. ಸಹಿ ಹಾಕಿ ಅದೇ ಸಂದಿಯಿಂದ ವಾಪಸ್ ಕೊಟ್ಟರು.

ಇಂತಿ, ಜಗಳವೇ ಇಲ್ಲದ ವಾದಿ ಪ್ರತಿವಾದಿಗಳು,

ಅರ್ಪಿತ, ತಂತಿಯ ಈ ಕಡೆ

ಮುನಿರಾಜ್, ತಂತಿಯ ಆ ಕಡೆ

ಅಶ್ವತ್ಥಮ್ಮ, ಗಂಟು ಬಿಚ್ಚುವವರು